ಸೋಮಾರಿಯೆಂಬ ಮಧ್ಯಸ್ಥ

ನಿವೃತ್ತನಾದ ಮನುಷ್ಯನಿಗೆ ಲೋಕವು ಹಾಕುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಈಗ ಹೊತ್ತು ಹೇಗೆ ಕಳೆಯುತ್ತೀರಿ?" ಕೇಳುವವರ ಮನಸ್ಸಿನಲ್ಲಿ ಕುಹಕವಿಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಕಳೆದ ತಿಂಗಳು ನಮ್ಮ ಮೊಮ್ಮಗನು ಊಟದ ಪಂಕ್ತಿಯಲ್ಲಿ ಕುಳಿತು, "ಅಜ್ಜಾ, ಈಗ ನಿಮಗ ಏನೂ ಕೆಲಸ ಇಲ್ಲ, ಹೌದಲ್ರಿ?" ಎಂದು ಮುಗ್ಧತೆಯಿಂದ ಕೇಳಿದಾಗ, ಮೂವತ್ತೈದು ವರ್ಷ ಹುಡುಗರಿಗೆ ವಿಭಕ್ತಿಪ್ರತ್ಯಯಗಳನ್ನು ಕಲಿಸಿದ ನಮ್ಮ ಬಾಯಿಗೆ ತಕ್ಕ ಉತ್ತರವು ಒದಗಲಿಲ್ಲ. ಅನ್ನವನ್ನು ಕಲಸುತ್ತ ಸುಮ್ಮನಾದೆವು. ಆ ಉತ್ತರವು ಹದಿನೈದು ದಿನಗಳ ತರುವಾಯ, ನಾವು ನೆನೆಸದ ಸ್ಥಳದಲ್ಲಿ, ಗೋಕುಲ ರಸ್ತೆಯ ಒಂದು ಲೇಥ್ ಕಾರ್ಖಾನೆಯಲ್ಲಿ, ಎಣ್ಣೆ ಮೆತ್ತಿದ ಅರಿವೆಯ ಮೇಲಿಟ್ಟ ಒಂದು ರಬ್ಬರಿನ ಚಕ್ರದ ರೂಪದಲ್ಲಿ ದೊರೆಯಿತು. ಆ ವೃತ್ತಾಂತವನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನಮ್ಮ ಮನೆಯಿಂದ ನಾಲ್ಕು ಮನೆಗಳಾಚೆಗೆ ಹಿರಿಯರೊಬ್ಬರು ವಾಸವಾಗಿದ್ದಾರೆ. ಇಲ್ಲಿ ಅವರನ್ನು ರಾಯರೆಂದು ಕರೆದರೆ ಸಾಕು. ರಾಯರ ಅಣ್ಣಂದಿರು ಓದಿಗಾಗಿ ಅಮೆರಿಕಕ್ಕೆ ಹೋದವರು, 1970ರಲ್ಲಿ ಮರಳಿ ಬರುವಾಗ ಬಟ್ಟೆಬರೆಗಳಿಗಿಂತ ಹೆಚ್ಚಿನ ಜೋಪಾನದಿಂದ ಒಂದು ಭಾರವಾದ ಪೆಟ್ಟಿಗೆಯನ್ನು ತಂದರಂತೆ. ಅದರೊಳಗಿದ್ದುದು ರೆಕಾರ್ಡು ತಿರುಗಿಸುವ ಯಂತ್ರ, ಗ್ಯಾರಾರ್ಡ್ 301. ಅಣ್ಣನವರು ಸ್ವಲ್ಪ ಕಾಲದಲ್ಲಿಯೇ ನೌಕರಿಗಾಗಿ ಮುಂಬಯಿ ಸೇರಿದುದರಿಂದ ಯಂತ್ರವು ತಮ್ಮನ ಪಾಲಿಗೆ ಉಳಿಯಿತು. ಅಂದಿನಿಂದ ರಾಯರ ಮನೆಯಲ್ಲಿ ಸಂಜೆಯ ದೀಪ ಹಚ್ಚಿದ ಮೇಲೆ ಒಂದು ಪ್ಲೇಟು ಹಾಡಬೇಕು. ಬಹುಶಃ ಅದು ಗಂಗೂಬಾಯಿ ಹಾನಗಲ್ಲರದೇ ಆಗಿರಬೇಕು. ನಾವೂ ಎಷ್ಟೋ ಸಂಜೆ ಅಲ್ಲಿ ಕುಳಿತು ಕೇಳಿದ್ದೇವೆ.

ಗಂಗೂಬಾಯಿಯವರ ಕಂಠದ ವಿಷಯವನ್ನು ಹುಬ್ಬಳ್ಳಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, 2009ರಲ್ಲಿ ಈ ಊರಿನಲ್ಲಿಯೇ ದೇಹವಿಟ್ಟ ಆ ಮಹನೀಯೆಯ ಧ್ವನಿಯು ಮೊದಲಿಗೆ ತೆಳುವಾಗಿದ್ದು, ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಗಡುಸಾಗಿ, ಗಂಡುಧ್ವನಿಯೆಂದು ಅರಿಯದವರು ಭ್ರಮಿಸುವಷ್ಟು ಗಂಭೀರವಾಯಿತು. ರಾಯರ ಯಂತ್ರದಲ್ಲಿ ಅದು ಇನ್ನಷ್ಟು ಗಂಭೀರವಾಗಿ ಕೇಳುತ್ತಿತ್ತು. "ಸಭೆಯಲ್ಲಿ ಕೇಳಿದ್ದಕ್ಕಿಂತ ಇದರಾಗ ತೂಕ ಹೆಚ್ಚು ಬರತದ್ರಿ. ದೊಡ್ಡ ಯಂತ್ರದ ಗುಣ ಇದು," ಎಂದು ರಾಯರು ಅಭಿಮಾನದಿಂದ ಹೇಳುವರು. ನಾವೂ ತಲೆದೂಗುವೆವು. ಆ ತಲೆದೂಗಿದ್ದನ್ನು ನೆನೆದರೆ ಈಗ ನಮಗೆ ನಾಚಿಕೆಯಾಗುತ್ತದೆ.

ಈಚೆಗೆ ಯಂತ್ರಕ್ಕೆ ವ್ಯಾಧಿ ತಗುಲಿತು. ಹಾಡಿನ ಕೆಳಗೆ, ಯಾರೋ ಹಿತ್ತಲಿನಲ್ಲಿ ಒನಕೆ ಹಿಡಿದು ಕುಟ್ಟುತ್ತಿರುವಂತೆ, 'ದುಡುಂ ದುಡುಂ' ಎಂಬ ಸಪ್ಪಳವು ಬಿಡದೆ ಕೇಳತೊಡಗಿತು. ಇಂಥ ಹಳೆಯ ಯಂತ್ರಗಳಿಗೆ ಹೊರ ಊರುಗಳಲ್ಲಿ ಒಳ್ಳೆಯ ಬೆಲೆಯಿದೆ, ಕೆಟ್ಟುಹೋಗುವ ಮೊದಲೇ ಮಾರಿಬಿಡುವುದು ಜಾಣತನವೆಂದು ಹಿರಿಯ ಮಗನು ಹೇಳಿದನು. ರಾಯರು ಉತ್ತರ ಕೊಡಲಿಲ್ಲ. ಅವರ ಧರ್ಮಪತ್ನಿಯವರು ತೀರಿಕೊಂಡು ಒಂಬತ್ತು ವರ್ಷಗಳಾದವು. ಆಕೆ ಇದೇ ಪಡಸಾಲೆಯಲ್ಲಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ, ಪ್ಲೇಟಿನೊಡನೆ ತಾವೂ ಮೆಲ್ಲಗೆ ಗುಣುಗುಣಿಸುತ್ತಿದ್ದರು. ಅದನ್ನು ಬಲ್ಲ ನಮಗೆ ರಾಯರ ಮೌನದ ಅರ್ಥವೂ ತಿಳಿಯುತ್ತಿತ್ತು.

ಒಂದು ಸಂಜೆ ಈ ಮಾತೇ ನಡೆದಿರುವಾಗ ಕಿರಿಯ ಸೊಸೆಯು ಚಹಾ ತಂದಿಟ್ಟು, ಒಳಗೆ ಹೋಗದೆ ಬಾಗಿಲ ಬಳಿಯಲ್ಲಿ ನಿಂತಳು. ಆಕೆ ಧಾರವಾಡದಲ್ಲಿ ಸಂಗೀತ ಕಲಿತವಳು. ಮದುವೆಯಾಗಿ ಈ ಮನೆಗೆ ಬಂದು ಎರಡು ವರ್ಷ. "ಮಾವಾರ, ತಪ್ಪು ತಿಳೀಬ್ಯಾಡ್ರಿ," ಎಂದಳು. "ದುಡುಂ ಅನ್ನೋದು ಒಂದ ಅಲ್ರಿ. ಇದ ಪ್ಲೇಟಿನ ಕ್ಯಾಸೆಟ್ ನಮ್ಮ ಗುರುಗಳ ಮನ್ಯಾಗ ಭಾಳ ಸಲ ಕೇಳೇನ್ರಿ. ಬಾಯಿಯವರು ಇಷ್ಟು ತಳಗಿನ ಪಟ್ಟಿಗೆ ಹಾಡಿಲ್ರಿ. ಲಯಾನೂ ಇಷ್ಟು ಸಾವಕಾಶ ಇಲ್ರಿ."

ಪಡಸಾಲೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. "ಎರಡು ವರ್ಷ ಯಾಕ ಹೇಳಲಿಲ್ಲವಾ?" ಎಂದು ರಾಯರು ಕೇಳಿದರು. ಆಕೆ ತಲೆ ತಗ್ಗಿಸಿ, "ನಿಮಗ ಅಷ್ಟು ಪ್ರೀತಿ ಇದ್ದದ್ದಕ್ಕ ತಪ್ಪು ಅಂತ ಹ್ಯಾಂಗ ಅನ್ನೂದ್ರಿ?" ಎಂದಳು.

ಈ ವಿವಾದಕ್ಕೆ ನಿರ್ಣಾಯಕವಾದುದು ಸಾಲೆಯ ಗಣಿತ. ದೊಡ್ಡ ಪ್ಲೇಟು ಒಂದು ನಿಮಿಷಕ್ಕೆ 33⅓ ಸುತ್ತು ತಿರುಗಬೇಕೆಂದು ನಿಯಮ. ಎಂದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು. ನಾವು ಪ್ಲೇಟಿನ ನಡುವಿನ ಚೀಟಿಯ ಮೇಲೆ ಒಂದು ಕಾಗದದ ಚೂರನ್ನಿಟ್ಟು, ಕೈಗಡಿಯಾರವನ್ನು ಎದುರಿಗಿಟ್ಟುಕೊಂಡು, ಜಪಮಾಲೆ ಎಣಿಸುವಂತೆ ಎಣಿಸಿದೆವು. ಮೂರು ನಿಮಿಷಕ್ಕೆ ಬಂದುದು ಎಂಬತ್ತಮೂರು. ಮತ್ತೊಮ್ಮೆ ಎಣಿಸಿದರೂ ಎಂಬತ್ತಮೂರೇ. ಸೊಸೆಯ ಕಿವಿ ಗೆದ್ದಿತು. ಅನುಷ್ಟುಪ್ಪಿನ ಅಕ್ಷರಗಳನ್ನು ಮೂವತ್ತೈದು ವರ್ಷ ಹುಡುಗರಿಂದ ಎಣಿಸಿದ ನಾವು, ನಮ್ಮ ಕಣ್ಣೆದುರಿಗೆ ತಿರುಗುವ ತಟ್ಟೆಯನ್ನು ಒಂದು ದಿನವೂ ಎಣಿಸಿ ನೋಡಿರಲಿಲ್ಲ!

ಮರುದಿನ ರಾಯರೂ ನಾವೂ ಯಂತ್ರವನ್ನು ರಿಕ್ಷಾದಲ್ಲಿಟ್ಟುಕೊಂಡು ಗೋಕುಲ ರಸ್ತೆಗೆ ನಡೆದೆವು. ಈ ರಸ್ತೆಯನ್ನು ಅರಿಯದ ವಾಚಕರಿಗಾಗಿ ಒಂದು ಮಾತು. ಹುಬ್ಬಳ್ಳಿಯ ಪೇಟೆಯ ಗದ್ದಲವನ್ನು ಹಿಂದಿಕ್ಕಿ, ಸಾರಿಗೆ ಸಂಸ್ಥೆಯ ಕಚೇರಿಯನ್ನೂ ಕೈಗಾರಿಕಾ ವಸಾಹತುವನ್ನೂ ದಾಟಿ, ವಿಮಾನನಿಲ್ದಾಣದ ಕಡೆಗೆ ಸಾಗುವ ದಾರಿಯಿದು. ಇದರ ಒಳಓಣಿಗಳಲ್ಲಿ ಲೇಥುಗಳು ಹಗಲೆಲ್ಲ ಕಬ್ಬಿಣವನ್ನು ಕೊರೆಯುತ್ತಿರುತ್ತವೆ. ಅಲ್ಲಿ ನಮ್ಮ ಶಿಷ್ಯನೊಬ್ಬನ ಚಿಕ್ಕ ಕಾರ್ಖಾನೆಯಿದೆ. ನಮ್ಮ ವರ್ಗದಲ್ಲಿ ಸಂಸ್ಕೃತದ ಶಬ್ದರೂಪಗಳು ಅವನ ನಾಲಗೆಗೆ ಎಂದೂ ಹತ್ತಲಿಲ್ಲ. ಕಬ್ಬಿಣದ ರೂಪಗಳೋ, ಅವನ ಕೈಯಲ್ಲಿ ಲೀಲೆಯಿಂದ ಹುಟ್ಟುತ್ತವೆ. "ಬರ್ರಿ ಗುರುಗಳ," ಎಂದು ಎದ್ದು ಬಂದು, ಯಂತ್ರವನ್ನು ನೋಡಿದೊಡನೆ ಕೈಗಳನ್ನು ಬಟ್ಟೆಗೆ ಒರೆಸಿಕೊಂಡು, ಆ ಮೇಲೆಯೇ ಅದನ್ನು ಮುಟ್ಟಿದನು. ವಸ್ತುವಿನ ಯೋಗ್ಯತೆಯು ಕುಶಲನಿಗೆ ಮೊದಲು ತಿಳಿಯುತ್ತದೆ.

ಅವನು ಬಿಚ್ಚುತ್ತ ಹೇಳಿದುದನ್ನೂ, ನಾವು ಆ ಮೇಲೆ ಓದಿ ತಿಳಿದುದನ್ನೂ ಕೂಡಿಸಿ ಇಲ್ಲಿ ಸಂಗ್ರಹಿಸುತ್ತೇವೆ.

ಪ್ಲೇಟನ್ನು ತಿರುಗಿಸುವುದು ಮೇಲ್ನೋಟಕ್ಕೆ ಸುಲಭವಾದ ಕೆಲಸ. ಆದರೆ ಮೋಟಾರು ನಿಮಿಷಕ್ಕೆ ಹೆಚ್ಚುಕಡಿಮೆ 1500 ಸುತ್ತು ತಿರುಗುತ್ತದೆ. ತಟ್ಟೆಯೋ, 33⅓ ಸುತ್ತು ಮಾತ್ರ ತಿರುಗಬೇಕು. ಒಬ್ಬನು ಓಡುವವನು, ಇನ್ನೊಬ್ಬನು ಗಜಗಮನದವನು. ಈ ಇಬ್ಬರನ್ನು ಜೊತೆಗೂಡಿಸುವುದು ಹೇಗೆ? ಇದಕ್ಕೆ ಮೂರು ಮಾರ್ಗಗಳುಂಟು. ಮೊದಲನೆಯದು, ನಮ್ಮ ಬೆಂಗೇರಿಯ ಖಾದಿ ಕೇಂದ್ರದವರ ರಾಟೆಯಲ್ಲಿ ದಾರವು ಚಕ್ರಕ್ಕೂ ಕದಿರಿಗೂ ಸುತ್ತಿಕೊಂಡಿರುವಂತೆ, ರಬ್ಬರಿನ ಪಟ್ಟಿಯೊಂದನ್ನು ಮೋಟಾರಿನಿಂದ ತಟ್ಟೆಗೆ ಸುತ್ತುವುದು. ಇದು ಸದ್ದಿಲ್ಲದ ಮಾರ್ಗ. ಆದರೆ ಪಟ್ಟಿಯು ಹಿಗ್ಗುತ್ತದೆ, ಭಾರವಾದ ತಟ್ಟೆಯು ವೇಗಕ್ಕೆ ಬರಲು ತಡವಾಗುತ್ತದೆ. ಎರಡನೆಯದು, ಮೋಟಾರಿನ ಅಚ್ಚಿನ ಮೇಲೆಯೇ ತಟ್ಟೆಯನ್ನು ಕೂರಿಸಿ, ಮೋಟಾರನ್ನೇ ನಿಧಾನವಾಗಿ ತಿರುಗಿಸುವುದು. ಜಪಾನದ ಟೆಕ್ನಿಕ್ಸ್ ಸಂಸ್ಥೆಯವರು 1970ರ ಸುಮಾರಿಗೆ ಇದನ್ನು ಲೋಕದಲ್ಲಿ ರೂಢಿಗೆ ತಂದರು. ಮೂರನೆಯದೇ ನಮ್ಮ ಪ್ರಸ್ತುತ ವಿಷಯ. ಇದರಲ್ಲಿ ಮೋಟಾರಿನ ಅಚ್ಚಿಗೆ ಮೆಟ್ಟಿಲು ಮೆಟ್ಟಿಲಾದ ಒಂದು ಚಿಕ್ಕ ಪುಲ್ಲಿ. ತಟ್ಟೆಯ ಅಂಚು ಕೆಳಗೆ ಬಳೆಯಂತೆ ಇಳಿದಿರುತ್ತದೆ. ಈ ಪುಲ್ಲಿಗೂ ಆ ಬಳೆಯ ಒಳಮೈಗೂ ನಡುವೆ, ರಬ್ಬರಿನ ಅಂಚುಳ್ಳ ಚಕ್ರವೊಂದು ಎರಡನ್ನೂ ಒತ್ತಿಕೊಂಡು ನಿಲ್ಲುತ್ತದೆ. ಪುಲ್ಲಿಯು ಚಕ್ರವನ್ನು ತಿರುಗಿಸುತ್ತದೆ; ಚಕ್ರವು ತಟ್ಟೆಯನ್ನು ತಿರುಗಿಸುತ್ತದೆ. ಈ ನಡುವಿನ ಚಕ್ರಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಐಡ್ಲರ್. ಅದರ ಅರ್ಥ ಸೋಮಾರಿ!

ಈ ಹೆಸರು ಕೇಳಿದೊಡನೆ ನಮ್ಮ ಕಿವಿ ನೆಟ್ಟಗಾಯಿತು. "ದುಡಿಯೋದು ಇದ ಅಲ್ಲೇನೋ? ಸೋಮಾರಿ ಯಾಕ?" ಎಂದು ಕೇಳಿದೆವು. ಶಿಷ್ಯನು ನಕ್ಕು, "ಲೆಕ್ಕದಾಗ ಇದರದು ಏನೂ ಇಲ್ರಿ ಗುರುಗಳ. ಇದನ್ನ ದೊಡ್ಡದು ಮಾಡ್ರಿ, ಸಣ್ಣದು ಮಾಡ್ರಿ, ತಟ್ಟೀ ವೇಗ ಬದಲಾಗಂಗಿಲ್ಲ," ಎಂದನು. ಮೊದಲು ನಮಗೆ ನಂಬಿಕೆಯಾಗಲಿಲ್ಲ. ವಿಚಾರಿಸಿದಾಗ ನಿಜವೆಂದು ತೋರಿತು. ಹೇಗೆಂದರೆ, ಒಂದು ಕ್ಷಣದಲ್ಲಿ ಪುಲ್ಲಿಯ ಅಂಚು ಒಂದು ಗೇಣು ಸರಿದರೆ, ಅದನ್ನು ಒತ್ತಿಕೊಂಡ ರಬ್ಬರಿನ ಅಂಚೂ ಒಂದು ಗೇಣೇ ಸರಿಯಬೇಕು; ರಬ್ಬರು ಒಂದು ಗೇಣು ಸರಿದರೆ ತಟ್ಟೆಯ ಬಳೆಯೂ ಒಂದು ಗೇಣೇ ಸರಿಯಬೇಕು. ನಡುವಿನ ಚಕ್ರದ ಗಾತ್ರ ಏನೇ ಇರಲಿ, ಆ ಕಡೆಯಿಂದ ಪಡೆದ ಗೇಣನ್ನು ಈ ಕಡೆಗೆ ಕೊಡುತ್ತದೆಯೇ ಹೊರತು ತನ್ನದೆಂದು ಒಂದು ಎಳೆಯನ್ನೂ ಸೇರಿಸುವುದಿಲ್ಲ, ಕಳೆಯುವುದೂ ಇಲ್ಲ. ವೇಗವನ್ನು ನಿರ್ಣಯಿಸುವುದು ಪುಲ್ಲಿ ಮತ್ತು ಬಳೆ ಎರಡೇ. ಗಣಿತದಲ್ಲಿ ಇದಕ್ಕೆ ಪಾತ್ರವಿಲ್ಲವೆಂದೇ ಸೋಮಾರಿಯೆಂಬ ಬಿರುದು.

ಗ್ಯಾರಾರ್ಡ್ ಸಂಸ್ಥೆಯು ಹುಟ್ಟಿದುದು 1915ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಲಂಡನ್ನಿನ ಪ್ರಖ್ಯಾತ ಆಭರಣ ವ್ಯಾಪಾರಿಗಳು, ತೋಪುಗಾರರಿಗೆ ದೂರವನ್ನಳೆಯುವ ಸೂಕ್ಷ್ಮ ಸಾಧನಗಳನ್ನು ಮಾಡಿಕೊಡಲೆಂದು ಅದನ್ನು ಸ್ಥಾಪಿಸಿದರು. ಯುದ್ಧ ಮುಗಿದ ಮೇಲೆ ಆ ಕುಶಲ ಕೈಗಳು ಸ್ವಿಂಡನ್ ಎಂಬ ಊರಿನಲ್ಲಿ ಗ್ರಾಮಫೋನಿನ ಮೋಟಾರುಗಳನ್ನು ಮಾಡತೊಡಗಿದವು. 301 ಎಂಬ ಈ ಮಾದರಿಯು 1954ರಲ್ಲಿ ಹೊರಬಂದು, 1965ರ ಸುಮಾರಿಗೆ 401ಕ್ಕೆ ಸ್ಥಾನ ಬಿಟ್ಟಿತು. ಇದು ಮನೆವಾರ್ತೆಯ ಆಟಿಕೆಯಲ್ಲ. ಬಾನುಲಿ ಕೇಂದ್ರಗಳ ಬಳಕೆಗೂ ಒದಗಿದ ಯಂತ್ರ. ನಿರೂಪಕನು ಮಾತು ಮುಗಿಸಿದ ಕೂಡಲೆ ಹಾಡು ಪ್ರಾರಂಭವಾಗಬೇಕಾದ ಅಂಥ ಸ್ಥಳಗಳಲ್ಲಿ ತಟ್ಟೆಯು ಸಾವಕಾಶವಾಗಿ ವೇಗ ಪಡೆಯುವುದಕ್ಕೆ ಎಡೆಯಿಲ್ಲ. ಬಲವಾದ ಮೋಟಾರೂ ಜಾರದ ರಬ್ಬರಿನ ಚಕ್ರವೂ ಕೂಡಿದರೆ, ಭಾರದ ತಟ್ಟೆಯು ಒಮ್ಮೆಲೆ ವೇಗಕ್ಕೆ ಬರುತ್ತದೆ. ಆದಕಾರಣ ಜರ್ಮನಿಯ ಇಎಂಟಿ 930 ಎಂಬ ಬಾನುಲಿಯವರ ಯಂತ್ರವೂ ಇದೇ ಮಾರ್ಗವನ್ನು ಹಿಡಿಯಿತು. ಸ್ವಿಟ್ಜರ್ಲೆಂಡಿನ ಥೋರೆನ್ಸ್ ಟಿಡಿ 124 ಎಂಬುದು ಮೋಟಾರಿಗೆ ಪಟ್ಟಿಯನ್ನೂ ತಟ್ಟೆಗೆ ಐಡ್ಲರನ್ನೂ ಕೊಟ್ಟು ಎರಡು ಮಾರ್ಗಗಳನ್ನು ಸಮನ್ವಯಗೊಳಿಸಿತು.

ಆದರೆ ಗುಣವಿದ್ದಲ್ಲಿ ದೋಷವೂ ಉಂಟು. ನಡುವಿನ ಚಕ್ರವು ವೇಗವನ್ನು ಒಯ್ಯುವಂತೆ ಮೋಟಾರಿನ ನಡುಕವನ್ನೂ ಒಯ್ದರೆ, ಅದು ಸೂಜಿಗೆ ತಗುಲಿ ಹಾಡಿನ ಕೆಳಗೆ ಗುಡುಗುಡು ಎನ್ನುತ್ತದೆ. ಇದನ್ನು ತಡೆಯಲು 301ರ ಶಿಲ್ಪಿಗಳು ಮೋಟಾರನ್ನು ಗಟ್ಟಿಯಾಗಿ ಬಿಗಿಯದೆ, ತೊಟ್ಟಿಲಿನಂತೆ ಸ್ಪ್ರಿಂಗುಗಳಲ್ಲಿ ತೂಗಹಾಕಿದರು. ಅಲ್ಯುಮಿನಿಯಮ್ಮಿನ ತಟ್ಟೆಯನ್ನು ಎರಡೂವರೆ ಕಿಲೋಗ್ರಾಮಿಗೂ ಮಿಕ್ಕು ತೂಗುವಂತೆ ಎರೆದು, ಸಮತೂಕಕ್ಕೆ ತಂದರು. ವೇಗವನ್ನು ಕಿಂಚಿತ್ತು ಹೆಚ್ಚುಕಡಿಮೆ ಮಾಡಲು ಮೋಟಾರಿನ ಅಚ್ಚಿಗೆ ಅಲ್ಯುಮಿನಿಯಮ್ಮಿನ ಬಿಲ್ಲೆಯೊಂದನ್ನು ತೊಡಿಸಿ, ಅದರ ಹತ್ತಿರಕ್ಕೆ ಅಯಸ್ಕಾಂತವನ್ನು ಸರಿಸುವ ಉಪಾಯ ಮಾಡಿದರು. ಅಯಸ್ಕಾಂತವು ಬಿಲ್ಲೆಯನ್ನು ಮುಟ್ಟುವುದಿಲ್ಲ. ಆದರೂ ತಿರುಗುವ ಲೋಹದಲ್ಲಿ ವಿದ್ಯುತ್ತಿನ ಸುಳಿಗಳನ್ನೆಬ್ಬಿಸಿ ಅದನ್ನು ಹಿಂದಕ್ಕೆ ಎಳೆಯುತ್ತದೆ. ಕೋಲು ಮುಟ್ಟದೆ ಬರಿಯ ಕಣ್ಣಿನಿಂದ ವರ್ಗವನ್ನು ಹದದಲ್ಲಿಡುತ್ತಿದ್ದ ನಮ್ಮ ಹಳೆಯ ಹೆಡ್‌ಮಾಸ್ತರರು ನಮಗೆ ನೆನಪಾದರು.

ಇನ್ನು ರಬ್ಬರಿನ ಹದ. ಅದು ಬಹಳ ಗಡುಸಾದರೆ ನಡುಕವನ್ನೆಲ್ಲ ದಾಟಿಸುತ್ತದೆ. ಬಹಳ ಮಿದುವಾದರೆ ಜಾರಿ ವೇಗವನ್ನು ಕಳೆಯುತ್ತದೆ. ಎರಡರ ನಡುವೆ ನಿಂತು, ಒಯ್ಯಬೇಕಾದುದನ್ನು ಒಯ್ದು, ನುಂಗಬೇಕಾದುದನ್ನು ತನ್ನಲ್ಲಿಯೇ ನುಂಗಿಕೊಳ್ಳಬೇಕು. ಕೂಡುಕುಟುಂಬದಲ್ಲಿ ಬಾಳಿದ ನಮ್ಮ ಓದುಗಿತ್ತಿಯರಿಗೆ ಈ ಹದವನ್ನು ನಾವು ವಿವರಿಸಬೇಕಾಗಿಲ್ಲ.

ಶಿಷ್ಯನು ರಾಯರ ಯಂತ್ರದ ಚಕ್ರವನ್ನು ಹೊರತೆಗೆದು ಬೆರಳಿನಿಂದ ಸವರಿ, "ಇಲ್ಲಿ ನೋಡ್ರಿ," ಎಂದನು. ದುಂಡಾದ ರಬ್ಬರಿನಲ್ಲಿ ಒಂದು ಕಡೆ ಸಣ್ಣದೊಂದು ತಗ್ಗು. ಪ್ರತಿ ಸುತ್ತಿಗೂ ಆ ತಗ್ಗು ಪುಲ್ಲಿಗೂ ಬಳೆಗೂ ತಗುಲಿ 'ದುಡುಂ' ಎನ್ನುತ್ತಿತ್ತು. "ಇದನ್ನ ಹ್ಯಾಂಗ ಬಂದ್ ಮಾಡ್ತೀರಿ?" ಎಂದು ಕೇಳಿದನು. ರಾಯರು, "ಗ್ವಾಡೀ ಸ್ವಿಚ್ ಆರಿಸ್ತೇವಿ. ಹುಡುಗರು ಮುಟ್ಟಬಾರದಂತ," ಎಂದರು. ಕಾರಣವು ಅದೇ. ಈ ಯಂತ್ರದ ಹಿಡಿಕೆಯನ್ನು ತಿರುಗಿಸಿ ನಿಲ್ಲಿಸಿದರೆ, ಒಳಗಿನ ಸರಳು ಚಕ್ರವನ್ನು ಎರಡೂ ಕಡೆಯಿಂದ ಬಿಡಿಸಿ ಹಿಂದಕ್ಕೆ ಎಳೆದು ವಿಶ್ರಾಂತಿಗೆ ಕಳಿಸುತ್ತದೆ. ಗೋಡೆಯಲ್ಲಿ ವಿದ್ಯುತ್ತನ್ನು ಕಡಿದರೆ ಮೋಟಾರು ನಿಲ್ಲುತ್ತದೆ, ತಟ್ಟೆಯೂ ನಿಲ್ಲುತ್ತದೆ. ಚಕ್ರ ಮಾತ್ರ ಇಬ್ಬರ ನಡುವೆ ಒತ್ತಿಸಿಕೊಂಡೇ ರಾತ್ರಿಯೆಲ್ಲ ನಿಂತಿರುತ್ತದೆ. ಹೀಗೆ ವರ್ಷಾನುಗಟ್ಟಲೆ ನಿಂತುದಕ್ಕೆ ತಗ್ಗು ಬಿದ್ದಿತು. ತಿರುಗುವುದರಿಂದಲ್ಲ, ನಿಂತಾಗಲೂ ಬಿಡುವಿಲ್ಲದುದರಿಂದ ಅದು ಕೆಟ್ಟಿತು. ಸೋಮಾರಿಯೆಂದು ಹೆಸರು, ಆದರೆ ಅದಕ್ಕೆ ದಕ್ಕದೆ ಹೋದುದು ವಿಶ್ರಾಂತಿಯೇ!

ಇದು ಒಂದು ರೋಗವಾಯಿತು. ಆದರೆ ತಗ್ಗಿನಿಂದ ಸಪ್ಪಳ ಬಂದೀತೇ ಹೊರತು, ನೂರಕ್ಕೆ ಎಂಬತ್ತಮೂರು ಸುತ್ತು ಬರಲಾರದು. ನಾವು ಎಣಿಕೆಯನ್ನು ಹೇಳಿದಾಗ ಶಿಷ್ಯನು ಹುಬ್ಬೇರಿಸಿ, "ಆರರಾಗ ಐದು! ಇದು ಅಮೆರಿಕಾದ್ದೇನ್ರಿ?" ಎಂದನು. ಸಂಗತಿ ಇಷ್ಟೇ. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತು ಒಂದು ಸೆಕೆಂಡಿಗೆ 50 ಆವರ್ತಗಳುಳ್ಳದ್ದು, ಅಮೆರಿಕದ್ದು 60. ಈ ಬಗೆಯ ಮೋಟಾರಿನ ವೇಗವು ಆವರ್ತಗಳನ್ನು ಅನುಸರಿಸುತ್ತದೆ. ಇಲ್ಲಿ 1500ರ ಸಮೀಪ ತಿರುಗುವುದು ಅಲ್ಲಿ 1800ರ ಸಮೀಪ ತಿರುಗುತ್ತದೆ. ಆದುದರಿಂದ ಕಾರ್ಖಾನೆಯವರು ಆ ದೇಶಕ್ಕೆ ಕಳಿಸುವ ಯಂತ್ರಕ್ಕೆ ಆರರಲ್ಲಿ ಐದು ಪಾಲಿನಷ್ಟು ಸಣ್ಣ ಪುಲ್ಲಿಯನ್ನು ತೊಡಿಸುತ್ತಿದ್ದರು. ಯಂತ್ರವು ಹುಬ್ಬಳ್ಳಿಗೆ ಬಂದಾಗ ಅದನ್ನು ಸಿದ್ಧಗೊಳಿಸಿದವನಾರೋ, ನಮ್ಮ ವೋಲ್ಟಿಗೆ ಹೊಂದುವಂತೆ ಒಳಗಿನ ಜೋಡಣೆಯನ್ನು ಬದಲಿಸಿದ್ದನು, ಪುಲ್ಲಿಯನ್ನು ಮರೆತಿದ್ದನು. ಅಯಸ್ಕಾಂತದ ಸೂಕ್ಷ್ಮ ಹೊಂದಾಣಿಕೆಗೆ ಇಂಥ ದೊಡ್ಡ ಅಂತರವು ಎಟುಕುವಂಥದಲ್ಲ. ಅಂದಿನಿಂದ ಐವತ್ತು ವರ್ಷಗಳಿಗೂ ಮೇಲೆ ಆ ಮನೆಯಲ್ಲಿ ಎಲ್ಲ ಹಾಡುಗಳೂ ಆರರಲ್ಲಿ ಐದು ಪಾಲು ವೇಗದಲ್ಲಿ ನಡೆದವು.

ಸ್ವರದ ಲೆಕ್ಕದಲ್ಲಿ ಈ ಅಂತರವೆಷ್ಟೆಂದು ಸೊಸೆಯು ಆ ಮೇಲೆ ನಮಗೆ ತಿಳಿಸಿದಳು. ಷಡ್ಜಕ್ಕೂ ಕೋಮಲ ಗಾಂಧಾರಕ್ಕೂ ಇರುವ ಪ್ರಮಾಣವು ಸರಿಯಾಗಿ ಐದಕ್ಕೆ ಆರು. ಎಂದರೆ ರಾಯರ ಮನೆಯಲ್ಲಿ ಷಡ್ಜವೆಂದು ಕೇಳುತ್ತಿದ್ದ ಸ್ವರದ ಕೋಮಲ ಗಾಂಧಾರದಲ್ಲಿ ಗಂಗೂಬಾಯಿಯವರ ನಿಜವಾದ ಷಡ್ಜವು ನಿಂತಿತ್ತು. ಗಂಗೂಬಾಯಿಯವರ ಬಾಲ್ಯದ ಹೆಸರು ಗಾಂಧಾರಿಯೆಂಬುದನ್ನು ಬಲ್ಲವರು ಈ ಕಾಕತಾಲೀಯಕ್ಕೆ ನಗಬಹುದು.

ಶಿಷ್ಯನು ಹಿತ್ತಾಳೆಯ ಸರಳೊಂದನ್ನು ಲೇಥಿಗೆ ಕಟ್ಟಿ ಹೊಸ ಪುಲ್ಲಿಯನ್ನು ಕಡೆಯಲು ನಿಂತನು. ಇಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ಒಂದು ಉದಾಹರಣೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಮಾಣಶ್ರುತಿಯೆಂಬ ಅತಿ ಸೂಕ್ಷ್ಮವಾದ ಅಂತರವನ್ನು ಹೇಳುತ್ತಾನೆ. ಅದನ್ನು ಈಚಿನವರು ಎಂಬತ್ತಕ್ಕೆ ಎಂಬತ್ತೊಂದು ಎಂದು ಗಣಿಸುತ್ತಾರೆ. ಪುಲ್ಲಿಯ ಮೆಟ್ಟಿಲೊಂದರ ದಪ್ಪವು ಆರು ಮಿಲಿಮೀಟರ್ ಎಂದಿಟ್ಟುಕೊಂಡರೆ, ಅದರ ಎಂಬತ್ತನೆಯ ಒಂದು ಪಾಲು ಕೂದಲೆಳೆಯಷ್ಟು. ಒಂದು ಕೂದಲೆಳೆಯಷ್ಟು ಕಡೆತ ತಪ್ಪಿದರೆ ಗಾಯಕಿಯು ಒಂದು ಶ್ರುತಿ ಕೆಳಗೋ ಮೇಲೋ ಹಾಡುತ್ತಾಳೆ! ಶಿಷ್ಯನು ಕಡೆಯುವನು, ಅಳೆಯುವನು, ತೊಡಿಸಿ ತಿರುಗಿಸುವನು, ನಾವು ಎಣಿಸುವೆವು. ಮತ್ತೆ ಬಿಚ್ಚಿ ಕಡೆಯುವನು. ಚಕ್ರದ ರಬ್ಬರನ್ನೂ ಕಡೆದು ದುಂಡಗೆ ಮಾಡಿದನು. ಹೀಗೆ ಮಾಡಿದ್ದರಿಂದ ಚಕ್ರವು ಸ್ವಲ್ಪ ಸಣ್ಣದಾಯಿತು. ಆದರೆ ಮೊದಲೇ ಹೇಳಿದಂತೆ, ಅದರ ಗಾತ್ರದಿಂದ ವೇಗಕ್ಕೆ ಬಾಧಕವಿಲ್ಲ. ಸಂಜೆಯ ಹೊತ್ತಿಗೆ ಮೂರು ನಿಮಿಷಕ್ಕೆ ನೂರು ಬಂದಿತು.

ಕುಳಿತು ಎಣಿಸುತ್ತಿದ್ದ ನಮ್ಮ ಮನಸ್ಸು ಮಾತ್ರ ಬೇರೊಂದು ಲೆಕ್ಕವನ್ನು ಮಾಡುತ್ತಿತ್ತು. ಅಧ್ಯಾಪಕನೂ ಇಂಥ ನಡುವಿನ ಚಕ್ರವೇ ಅಲ್ಲವೇ? ಗ್ರಂಥದಿಂದ ಪಡೆದು ಹುಡುಗನಿಗೆ ಕೊಡುತ್ತಾನೆ. ತನ್ನದೇನೂ ಇಲ್ಲ. ಆದರೆ ಪುಲ್ಲಿಯೇ ತಪ್ಪಾಗಿದ್ದರೆ? ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಚ್ಚಿನ ದೋಷವಿದ್ದ ಪುಸ್ತಕವೊಂದನ್ನು ನಂಬಿ, ಒಂದು ಶ್ಲೋಕವನ್ನು ಅಪಪಾಠದಿಂದಲೇ ಹನ್ನೊಂದು ವರ್ಷ ಕಲಿಸಿದೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಅರ್ಥವು ಹೊಂದುವುದಿಲ್ಲವೆಂದು ಹೇಳಿದಾಗ ಮೊದಲು ಗದರಿದೆವು. ಮನೆಗೆ ಹೋಗಿ ಬೇರೆ ಪ್ರತಿಯನ್ನು ನೋಡಿದಾಗ ಅವಳ ಮಾತೇ ಸತ್ಯ. ಮರುದಿನ ವರ್ಗದಲ್ಲಿ ತಪ್ಪನ್ನು ಒಪ್ಪಿಕೊಂಡೆವು. ಆದರೆ ಆ ಹನ್ನೊಂದು ವರ್ಷಗಳ ಹುಡುಗರ ನಾಲಗೆಯ ಮೇಲೆ ಆ ಅಪಪಾಠವು ಇಂದಿಗೂ ನಿಂತಿರಬಹುದು. ಪಡೆದುದನ್ನು ನಿಷ್ಠೆಯಿಂದ ದಾಟಿಸಿದರೆ ಸಾಲದು. ಪಡೆಯುವ ಮೂಲವನ್ನು ಆಗಾಗ ಎಣಿಸಿ ನೋಡಬೇಕು.

ಆ ರಾತ್ರಿ ರಾಯರ ಪಡಸಾಲೆಯಲ್ಲಿ ಅದೇ ಪ್ಲೇಟು ತಿರುಗಿತು. ಒನಕೆಯ ಸಪ್ಪಳವಿಲ್ಲ. ಗಂಗೂಬಾಯಿಯವರ ಷಡ್ಜವು ಉಳಿಯ ಏಟಿನಂತೆ ನೇರವಾಗಿ ಬಂದು ತಾಗಿತು. ಧ್ವನಿಯಲ್ಲಿ ಗಾಂಭೀರ್ಯ ಇದ್ದೇ ಇದೆ. ಜೊತೆಗೆ ನಾವು ಎಂದೂ ಆ ಮನೆಯಲ್ಲಿ ಕೇಳದಿದ್ದ ಒಂದು ಕಾಂತಿ, ಒಂದು ಚುರುಕು. ಪ್ಲೇಟು ಮುಗಿಯಿತು. ರಾಯರು ಬಹಳ ಹೊತ್ತು ತಲೆ ಎತ್ತಲಿಲ್ಲ. "ಖರೇ ಸ್ವರ ಇದ ಅದ," ಎಂದರು. "ಆದರ ನಮ್ಮ ಮನ್ಯಾಕಿ ಗುಣುಗುಣಿಸ್ತಿದ್ದ ಸ್ವರ ಇದಲ್ಲ."

ನಮಗೆ ಏನು ಹೇಳಲೂ ತೋಚಲಿಲ್ಲ. ಸತ್ಯವು ದೊರೆತುದಕ್ಕೆ ಸಂತೋಷಪಡುವುದೋ, ನಲವತ್ತು ಸಂವತ್ಸರಗಳ ಸಂಜೆಗಳು ಒಂದು ಹಿತ್ತಾಳೆಯ ತುಂಡಿನಿಂದ ಅಳಿಸಿಹೋದುದಕ್ಕೆ ದುಃಖಿಸುವುದೋ? ಸೊಸೆಯು ಒಳಗೆ ಹೋಗಿ ತನ್ನ ತಂಬೂರಿಯನ್ನು ತಂದಳು. ತಂತಿಗಳನ್ನು ಸಡಿಲಿಸಿ, ಹಿಂದಿನ ದಿನದವರೆಗೆ ಆ ಯಂತ್ರವು ನುಡಿಯುತ್ತಿದ್ದ ಕೆಳಗಿನ ಷಡ್ಜಕ್ಕೆ ಶ್ರುತಿ ಮಾಡಿದಳು. ಕಣ್ಣು ಮುಚ್ಚಿ, ಅತ್ತೆಯು ಅಕ್ಕಿ ಹಸನು ಮಾಡುತ್ತ ಗುಣುಗುಣಿಸಿದ್ದ ಅದೇ ಚೀಜಿನ ಮೊದಲ ಸಾಲನ್ನು, ಅದೇ ಸಾವಕಾಶದ ಲಯದಲ್ಲಿ, ಮೆಲ್ಲಗೆ ಹಾಡಿದಳು. ಆಕೆ ಅತ್ತೆಯನ್ನು ಕಂಡವಳಲ್ಲ. ಆದರೂ ಆ ಸ್ವರವನ್ನು ಎರಡು ವರ್ಷ ಆ ಮನೆಯಲ್ಲಿ ಕೇಳಿದ್ದಳಷ್ಟೆ. ರಾಯರು ಧೋತರದ ಸೆರಗಿನಿಂದ ಕಣ್ಣೊರಸಿಕೊಂಡು, "ಇದು ಮನೀದು. ಅದು ಬಾಯಿಯವರದು. ಎರಡೂ ಇರಲಿ," ಎಂದರು. ಯಂತ್ರವನ್ನು ಮಾರುವ ಮಾತು ಆ ಮೇಲೆ ಬರಲಿಲ್ಲ.

ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಉದಾಸೀನ, ಮಧ್ಯಸ್ಥ ಎಂಬ ಎರಡು ಶಬ್ದಗಳು ಒಂದರ ಪಕ್ಕದಲ್ಲಿ ಒಂದು ಬರುತ್ತವೆ. ಎರಡೂ ಒಂದೇ ಅರ್ಥವೆಂದು ವಿದ್ಯಾರ್ಥಿಗಳು ಬರೆಯುವುದುಂಟು. ಶಂಕರಾಚಾರ್ಯರು ಭಾಷ್ಯದಲ್ಲಿ ಭೇದವನ್ನು ತೋರಿಸಿದ್ದಾರೆ: ಯಾರ ಪಕ್ಷವನ್ನೂ ಹಿಡಿಯದವನು ಉದಾಸೀನ, ವಿರುದ್ಧರಾದ ಇಬ್ಬರಿಗೂ ಹಿತವನ್ನು ಬಯಸುವವನು ಮಧ್ಯಸ್ಥ. ಇಂಗ್ಲಿಷಿನವರು ನಡುವಿನ ಚಕ್ರವನ್ನು ಉದಾಸೀನವೆಂದು ಬಗೆದು ಸೋಮಾರಿಯೆಂದರು. ನಾವಾಗಿದ್ದರೆ ಅದನ್ನು ಮಧ್ಯಸ್ಥಚಕ್ರವೆಂದು ಕರೆಯುತ್ತಿದ್ದೆವು. ಆ ರಾತ್ರಿ ಸತ್ಯಕ್ಕೂ ಪ್ರೀತಿಗೂ ನಡುವೆ ನಿಂತು ಎರಡನ್ನೂ ನೋಯಿಸದ ಆ ಹುಡುಗಿಯೂ ಅದೇ ಪದವಿಗೆ ಅರ್ಹಳು. ಆದರೆ ಆಕೆ ಎರಡು ವರ್ಷ ಬಾಯಿ ಕಟ್ಟಿಕೊಂಡು ಇರಬೇಕಾಯಿತೆಂಬುದನ್ನು ಹಿರಿಯರಾದ ನಾವು ಮರೆಯತಕ್ಕದ್ದಲ್ಲ. ಮನೆಯೊಳಗಿನ ತಪ್ಪು ಮನೆಯವರ ಕಿವಿಗೆ ರೂಢಿಯಾಗಿರುತ್ತದೆ. ಹೊಸದಾಗಿ ಬಂದವರ ಕಿವಿಗೆ ಅದು ಮೊದಲ ದಿನವೇ ಕೇಳುತ್ತದೆ. ಅವರು ಹೇಳುವುದಕ್ಕೆ ನಾವು ಎಡೆ ಕೊಡಬೇಕು.

ಮನೆಯಲ್ಲಿ ಇಂಥ ಹಳೆಯ ಯಂತ್ರವುಳ್ಳ ವಾಚಕರಿಗೆ ನಾಲ್ಕು ಹಿತವಚನ. ಯಂತ್ರವನ್ನು ಅದರ ಹಿಡಿಕೆಯಿಂದಲೇ ನಿಲ್ಲಿಸಿರಿ. ಗೋಡೆಯ ಗುಂಡಿಯನ್ನು ಆ ಮೇಲೆ ಆರಿಸಿರಿ. ನಡುವೆ ಕರೆಂಟು ಹೋದರೆ ಹಿಡಿಕೆಯನ್ನು ತಿರುಗಿಸುವುದನ್ನು ಮರೆಯಬೇಡಿರಿ. ರಬ್ಬರಿನ ಅಂಚಿಗೆ ಎಣ್ಣೆಯ ಕೈ ತಗುಲಬಾರದು. ವರ್ಷಕ್ಕೊಮ್ಮೆಯಾದರೂ ಸುತ್ತುಗಳನ್ನು ಎಣಿಸಿ ನೋಡಿರಿ: ದೊಡ್ಡ ಪ್ಲೇಟಿಗೆ ಮೂರು ನಿಮಿಷಕ್ಕೆ ನೂರು, ಹಳೆಯ ಅರಗಿನ ಪ್ಲೇಟಿಗೆ ಒಂದು ನಿಮಿಷಕ್ಕೆ ಎಪ್ಪತ್ತೆಂಟು. ಅರಗಿನ ಪ್ಲೇಟಿನ ಗೆರೆಯು ಅಗಲವಾದುದರಿಂದ ಅದಕ್ಕೆ ಸುಮಾರು ಮೂರು ಪಟ್ಟು ದಪ್ಪ ಮೊನೆಯ ಸೂಜಿ ಬೇಕೆಂಬುದನ್ನೂ ನೆನಪಿನಲ್ಲಿಡಿರಿ. ಒಳಗಿನ ವಿದ್ಯುತ್ ಜೋಡಣೆಯನ್ನು ಬಲ್ಲವರ ಹೊರತು ಯಾರೂ ಮುಟ್ಟಬಾರದು.

ಹಳೆಯ ಪುಲ್ಲಿಯನ್ನು ರಾಯರು ಒಂದು ಕುಂಕುಮದ ಭರಣಿಯಲ್ಲಿಟ್ಟು ದೇವರ ಮಾಡದಲ್ಲಿ ಇರಿಸಿದ್ದಾರೆ. ನಾವು ಮೊನ್ನೆ ಮೊಮ್ಮಗನನ್ನು ಕರೆದೊಯ್ದು, ತಟ್ಟೆಯನ್ನೆತ್ತಿಸಿ, ನಡುವಿನ ಚಕ್ರವನ್ನು ತೋರಿಸಿದೆವು. ಅವನು ಬೆರಳಿನಿಂದ ಅದನ್ನು ತಿರುಗಿಸಿ ನೋಡಿ, "ಇದರ ಹೆಸರು ಏನ್ರಿ ಅಜ್ಜಾ?" ಎಂದು ಕೇಳಿದನು. ಹೇಳಿದೆವು. ಅವನು ನಮ್ಮನ್ನೊಮ್ಮೆ, ಚಕ್ರವನ್ನೊಮ್ಮೆ ನೋಡಿ, "ಸುಳ್ಳು ಹೆಸರು ಇಟ್ಟಾರ," ಎಂದನು. ಆ ಸಂಜೆ ಅವನ ಪುಸ್ತಕವನ್ನು ತರಿಸಿ, ಮೊದಲನೆಯ ಪಾಠವನ್ನು ಹೇಳಿಕೊಟ್ಟೆವು. ಅದಕ್ಕೆ ಮುಂಚೆ ಮಾತ್ರ, ಅಚ್ಚಿನ ತಪ್ಪುಗಳಿಲ್ಲವಷ್ಟೆ ಎಂದು ಪುಟವನ್ನು ಒಂದು ಸಲ ಪೂರ್ತಿಯಾಗಿ ಓದಿಕೊಂಡೆವು.